ಬಳಪದ ವಂಶಾವಳಿ

ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ಗುಡಿಯ ತೆರೆದ ಮಂಟಪದಲ್ಲಿ ಕೂತಿದ್ದೆ. ಪ್ರವಾಸ ಬಂದಿದ್ದ ಶಾಲೆಯೊಂದರ ಮಕ್ಕಳು ಹಿಂಡಾಗಿ ಒಳಗೆ ನುಗ್ಗಿದರು. ಮೇಷ್ಟ್ರು ಕಂಬವೊಂದಕ್ಕೆ ಅಂಗೈ ಊರಿ, "ನೋಡ್ರೋ, ಇದು ಬಳಪದ ಕಲ್ಲು" ಎಂದರು. ಹಿಂದೆ ನಿಂತಿದ್ದ ಹುಡುಗನೊಬ್ಬ ಬಿಡಲಿಲ್ಲ: "ಬಳಪ ಬೆಳ್ಳಗಿರುತ್ತಲ್ವಾ ಸಾರ್? ಇದು ಕರ್ರಗಿದೆ." ಮೇಷ್ಟ್ರು ಗಡಿಯಾರ ನೋಡಿಕೊಂಡು, "ಬಸ್ಸಿಗೆ ಹೊತ್ತಾಯ್ತು, ನಡೀರಿ" ಎಂದರು. ಪ್ರಶ್ನೆ ಕಂಬದ ಬುಡದಲ್ಲೇ ಉಳಿಯಿತು.

ಹುಡುಗ ಕೇಳಿದ್ದು ಸಣ್ಣ ಮಾತಲ್ಲ. ಖನಿಜದ ಮೈಬಣ್ಣ ನಂಬಬೇಡ, ಅದು ಎಳೆಯುವ ಗೆರೆಯ ಬಣ್ಣ ನಂಬು ಎನ್ನುವುದು ಭೂವಿಜ್ಞಾನದ ಮೊದಮೊದಲ ಪಾಠ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಕಲ್ಲನ್ನು ಉಜ್ಜಿ ನೋಡುತ್ತಾರೆ. ಕಬ್ಬಿಣದ ಅದಿರಾದ ಹೆಮಟೈಟ್ ಮೇಲೆ ಕಪ್ಪಗೆ ಉಕ್ಕಿನಂತೆ ಹೊಳೆಯುತ್ತಿದ್ದರೂ ಗೆರೆ ಮಾತ್ರ ಕೆಂಪು. ಇದೇ ತರೀಕೆರೆ ಸೀಮೆಯ ಗುಡ್ಡವೊಂದಕ್ಕೆ ಜನ ಕೆಮ್ಮಣ್ಣುಗುಂಡಿ ಎಂದು ಹೆಸರಿಟ್ಟಾಗ ಅವರ ಕೈಲಿ ಪಿಂಗಾಣಿ ಬಿಲ್ಲೆ ಇರಲಿಲ್ಲ, ಕಣ್ಣಿತ್ತು. ಬಳಪದ ಕಲ್ಲೂ ಹಾಗೆಯೇ. ಹೊರಗೆ ಬೂದು, ಹಸಿರು ಬೆರೆತ ಕಪ್ಪು. ಎಣ್ಣೆ, ಕೈಯ ಜಿಡ್ಡು ಕುಡಿದ ಕಂಬವಾದರೆ ಕಾಡಿಗೆ. ಎಳೆದ ಗೆರೆ ಮಾತ್ರ ಬಿಳಿ.

ಹಾಗಾದರೆ ಕಡ್ಡಿಯಿಂದ ಕಲ್ಲಿಗೆ ಹೆಸರು ಬಂತೋ, ಕಲ್ಲಿನಿಂದ ಕಡ್ಡಿಗೋ? ನಿಘಂಟುಗಳು ಎರಡೂ ಅರ್ಥ ಕೊಡುತ್ತವೆ: ಮೆದುವಾದ ಒಂದು ಜಾತಿಯ ಕಲ್ಲು, ಬರೆಯುವ ಕಡ್ಡಿ. ಕಲ್ಲೇ ಹಿರಿಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಡ್ಡಿಯಾಗುವ ಮೊದಲು ಅದು ಕಲ್ಲಾಗಿರಲೇಬೇಕಲ್ಲ. ತೆಲುಗರು ಬಲಪಮು ಎನ್ನುತ್ತಾರೆ, ತಮಿಳರು ಪಲಪ್ಪಂ. ಇಲ್ಲೊಂದು ಸೂಕ್ಷ್ಮವಿದೆ. ಹಳಗನ್ನಡದಲ್ಲಿ ಈಗ ಇಲ್ಲವಾಗಿರುವ ೞ ಎಂಬ ಅಕ್ಷರವೊಂದಿತ್ತು. ಅದಿದ್ದ ಜಾಗದಲ್ಲಿ ತೆಲುಗು ಸಾಮಾನ್ಯವಾಗಿ ಡ ಅನ್ನುತ್ತದೆ: ನಮ್ಮ ಏೞು ಅವರಿಗೆ ಏಡು, ನಮ್ಮ ಕೋೞಿ ಅವರಿಗೆ ಕೋಡಿ. ಬಲಪಮುವಿನಲ್ಲಿ ಡ ಇಲ್ಲ. ಹಾಗಾಗಿ ಬಳಪದ ಳ ಮೊದಲಿನಿಂದಲೂ ಸಾದಾ ಳ ಎಂದು ಊಹಿಸಬಹುದು. ಎರಡು ಊರಿನ ಪದರಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಯಾವುದರ ಜೋಡಿ ಎಂದು ಭೂವಿಜ್ಞಾನಿ ಹೇಳುವುದೂ ಇಂಥದೇ ಲೆಕ್ಕದಲ್ಲಿ.

ಹದಿನೈದನೆಯ ಶತಮಾನಕ್ಕೆ ಬಂದರೆ ಬಳಪ ಬರಹಗಾರನ ಕೈಯಲ್ಲಿದೆ. ಹಲಗೆ, ಬಳಪ ಹಿಡಿಯದೆಯೇ ಕಾವ್ಯ ಕಟ್ಟುವೆನೆಂದು ಕುಮಾರವ್ಯಾಸ ತನ್ನ ಭಾರತದ ಮೊದಲಲ್ಲೇ ಹೆಮ್ಮೆಪಡುತ್ತಾನೆ. ಅಂದರೆ ಉಳಿದವರು ಹಲಗೆಯ ಮೇಲೆ ಬಳಪದಲ್ಲಿ ಗೀಚಿ, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಏರಿಸುತ್ತಿದ್ದರು ಎಂದಾಯಿತು. ಬಳಪ ಕರಡಿನ ಸಾಮಾನು. ಅದರ ಇನ್ನೊಬ್ಬ ಸಂಗಾತಿ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಪುಸ್ತಕ ಅದು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಅಂಗಡಿ ಲೆಕ್ಕ, ಮಠದ ಲೆಕ್ಕ ಎಲ್ಲ ಅದರಲ್ಲೇ. ಇದೇ ಜಿಲ್ಲೆಯ ಶೃಂಗೇರಿ ಮಠದಲ್ಲಿ ಅಂಥ ಕಡತಗಳ ದೊಡ್ಡ ಸಂಗ್ರಹವಿದೆ. ಇವತ್ತು ಕಡತ ಎಂದರೆ ತಾಲ್ಲೂಕು ಕಚೇರಿಯ ಫೈಲು. ಒರೆಸಲಾಗದ್ದು, ಆದರೆ ಕಳೆದುಹೋಗಬಲ್ಲದ್ದು. ಕಡತ ಸರ್ಕಾರಿ ನೌಕರಿಗೆ ಸೇರಿತು, ಬಳಪ ಒಂದನೇ ಕ್ಲಾಸಿನಲ್ಲೇ ಉಳಿಯಿತು.

ವಿಚಿತ್ರವೆಂದರೆ, ಅಳಿಸುವ ಬರಹಕ್ಕೆ ಕಡ್ಡಿಯಾದ ಕಲ್ಲೇ ಹೊಯ್ಸಳರಿಗೆ ಅಳಿಯದ ಕೆಲಸಕ್ಕೂ ಬಂತು. ಅಮೃತಾಪುರದ ಗುಡಿ 1196ರದು. ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ತೆರೆದ ಮಂಟಪದ ಸುತ್ತುಗೋಡೆಯಲ್ಲಿ 140 ಕಥಾಫಲಕಗಳಿವೆ. ತೆಂಕಣ ಬದಿಯ 70ರಲ್ಲಿ ರಾಮಾಯಣ, ಬಡಗಣದಲ್ಲಿ ಕೃಷ್ಣನ ಲೀಲೆ ಮತ್ತು ಭಾರತ. ಇಲ್ಲಿ ಉಳಿ ಹಿಡಿದವರಲ್ಲಿ ರೂವಾರಿ ಮಲ್ಲಿತಮ್ಮನೂ ಒಬ್ಬ. ಮುಂದೆ ಸೋಮನಾಥಪುರದವರೆಗೆ ಅವನ ಹೆಸರು ಸಿಗುತ್ತದೆ. ಗಣಿಯಿಂದ ತೆಗೆದಾಗ ಬೆಣ್ಣೆಯಂತೆ ಕಡೆಯಬಹುದು, ಗಾಳಿಗೆ ಬಿದ್ದು ತೇವ ಆರಿದಂತೆ ಬಿರುಸಾಗುತ್ತದೆ ಎನ್ನುವುದು ಈ ಕಲ್ಲಿನ ಬಗ್ಗೆ ಎಲ್ಲರೂ ಹೇಳುವ ಮಾತು. ಮಲೆನಾಡಿನ ಮನೆಗಳಲ್ಲಿ ಉಪ್ಪು, ಉಪ್ಪಿನಕಾಯಿ ಹಾಕಿಡುವ ಕಲ್ಲಿನ ಮರಿಗೆಯೂ ಇದೇ ಬಳಗದ್ದು.

ಇನ್ನು ಕಲ್ಲಿನದೇ ಕಥೆ. ಅದು ಹುಟ್ಟುವಾಗ ಬಳಪವಾಗಿರಲಿಲ್ಲ. ಭೂಮಿಯ ಒಡಲಿಂದ ಉಕ್ಕಿಬಂದ, ಮೆಗ್ನೀಸಿಯಂ, ಕಬ್ಬಿಣ ತುಂಬಿದ ಗಡಸು ಕರಿಗಲ್ಲಾಗಿತ್ತು. ಆಮೇಲೆ ನೆಲದಾಳದಲ್ಲಿ ಹೂತು, ಬೆಟ್ಟಗಳು ಏಳುವಾಗಿನ ಒತ್ತಡಕ್ಕೆ ಸಿಕ್ಕಿ, ಕಾವಿಗೆ ಬೆಂದು, ಬಿರುಕುಗಳಲ್ಲಿ ಹರಿದ ಬಿಸಿನೀರನ್ನು ಕುಡಿಯಿತು. ಹಳೆಯ ಹರಳುಗಳು ಹೋಗಿ ಟಾಲ್ಕ್, ಕ್ಲೋರೈಟ್ ಎಂಬ ಹೊಸ ಖನಿಜಗಳು ಬಂದವು. ಟಾಲ್ಕ್ ಎಂದರೆ ಇಸ್ಪೀಟೆಲೆ ಜೋಡಿಸಿದ ಹಾಗೆ ಪದರ ಮೇಲೆ ಪದರ. ಪದರಗಳ ನಡುವಿನ ಬಂಧ ತೀರಾ ಸಡಿಲ. ಮುಟ್ಟಿದರೆ ಸಾಬೂನಿನಂತೆ ಜಾರುವುದು ಅದಕ್ಕೇ, ಸ್ಲೇಟಿನ ಮೇಲೆ ಎಳೆದರೆ ಪುಡಿ ಉದುರಿ ಅಕ್ಷರವಾಗುವುದೂ ಅದಕ್ಕೇ. ಖನಿಜಗಳ ಗಡಸುತನದ ಹತ್ತು ಮೆಟ್ಟಿಲಲ್ಲಿ ಟಾಲ್ಕ್‌ನದು ಒಂದನೆಯದು. ನಮ್ಮ ಉಗುರು ಎರಡೂವರೆ. ಸ್ನಾನವಾದ ಮೇಲೆ ಮಗುವಿಗೆ ಹಚ್ಚುವ ಪೌಡರಿನ ಡಬ್ಬಿಯ ಮೇಲೆ ಬರೆದಿರುವ ಟಾಲ್ಕಂ ಇದೇ.

ಸ್ಲೇಟು ಕೂಡ ಬೆಂದ ಕಲ್ಲೇ. ಆದರೆ ಅದರ ಮೂಲ ನೀರಿನ ತಳದ ನುಣ್ಣನೆಯ ಕೆಸರು. ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ 'ಅ' ತಿದ್ದುವಾಗ ನೀರು ಹೆತ್ತ ಕಲ್ಲಿನ ಮೇಲೆ ಬೆಂಕಿ ಹೆತ್ತ ಕಲ್ಲು ಓಡುತ್ತಿರುತ್ತದೆ.

ಹೀಗೆ ಮೊದಲ ಬರಹ ಅಳಿಸಿ ಎರಡನೆಯದು ಬರೆದ ಕಲ್ಲನ್ನು ಓದುವುದು ಕಷ್ಟ. ಅದರ ಕಾಲ ತಿಳಿಯಲು ನೆರೆಹೊರೆಯ ಕಲ್ಲುಗಳನ್ನು ವಿಚಾರಿಸಬೇಕು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಕಲ್ಲುಗಳ ಕುಲಕ್ಕೆ ಧಾರವಾಡದ ಹೆಸರಿಟ್ಟ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿದಾಗ ಅದರ ಹೊಣೆ ಹೊತ್ತವನೂ ಅವನೇ. ಕಿಟೆಲ್‌ನ ಕನ್ನಡ ನಿಘಂಟು ಅಚ್ಚಾದದ್ದೂ ಅದೇ ವರ್ಷ. ಮಾತಿನ ಪದರ ಅಗೆಯುವವನೂ ನೆಲದ ಪದರ ಅಗೆಯುವವನೂ ಜೊತೆಯಲ್ಲೇ ಬಂದರು. ಬಾಬಾಬುಡನ್ ಸಾಲಿನ ತಳದಲ್ಲಿ ಬೆಣಚುಕಲ್ಲಿನ ಉರುಟು ಹರಳುಗಳು ಕಚ್ಚಿಕೊಂಡ ಒಂದು ಹಾಸು ಇದೆ. ಹರಳು ನುಣುಪಾಗಿದೆ ಎಂದರೆ ನೀರು ಉರುಳಿಸಿದೆ. ಹಾಸಿನೊಳಗೆ ಹರಳಿದೆ ಎಂದರೆ ಹಾಸಿಗಿಂತ ಹರಳು ಹಳೆಯದು. ಮೇಲಿನ ಬೆಣಚುಹಾಸುಗಳಲ್ಲಿ ಅಲೆಯ ಗುರುತು ಮಡಿಕೆಮಡಿಕೆಯಾಗಿ ನಿಂತಿದೆ, ಅಲೆ ಹೋಗಿ 270 ಕೋಟಿ ವರ್ಷಕ್ಕೂ ಮೇಲಾಗಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಲಾವಾ ದಿಂಬುಗಳ ರಾಶಿಯಂತೆ ಹೆಪ್ಪುಗಟ್ಟಿದೆ. ಲಾವಾ ದಿಂಬಾಗುವುದು ನೀರೊಳಗೆ ಉಕ್ಕಿದಾಗ. ಬಯಲುಸೀಮೆಯ ಆ ಊರು ಒಂದು ಕಾಲಕ್ಕೆ ನೀರಡಿಯಲ್ಲಿತ್ತು.

ಬಳಪದ ಕಲ್ಲಿನಲ್ಲಿ ಪಳೆಯುಳಿಕೆ ಹುಡುಕಿದರೆ ಸಿಗುವುದಿಲ್ಲ. ಬೆಂಕಿಯಲ್ಲಿ ಹುಟ್ಟಿ ಮತ್ತೆ ಬೆಂದದ್ದು. ಆಗ ಮೂಳೆ ಚಿಪ್ಪುಗಳಿದ್ದ ಪ್ರಾಣಿಯೂ ಇರಲಿಲ್ಲ. ಆ ಕಾಲದ ಜೀವದ ಗುರುತು ಬೇಕಿದ್ದರೆ ಸುಣ್ಣಗಲ್ಲಿನ ಕಡೆ ಹೋಗಬೇಕು. ಶಿವಮೊಗ್ಗದ ಕುಂಸಿ, ತುಮಕೂರು ಜಿಲ್ಲೆಯ ದೊಡ್ಡಗುಣಿಯ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಗೆರೆಗೆರೆಯ ಉಬ್ಬುಗಳಿವೆ. ಕಣ್ಣಿಗೆ ಕಾಣದ ಜೀವಿಗಳ ಪಾಚಿಯಂಥ ಹಾಸುಗಳು ನೀರೊಳಗೆ ಪದರ ಪದರವಾಗಿ ಬೆಳೆದ ಗುರುತು ಅವು.

ಪಳೆಯುಳಿಕೆ ಎಂಬ ಮಾತು ಬಂದಾಗ ಅಮೃತಾಪುರ ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಪಳೆಯುಳಿಕೆ ಇತ್ತೀಚೆಗೆ ಟಂಕಿಸಿದ ಪದ, ಆದರೆ ಹಳೆಯ ಎನ್ನುವ ಬದಲು ಪಳೆಯ ಎಂದೇ ಉಳಿಸಿಕೊಂಡಿದೆ. ಪಕಾರ ಹಕಾರವಾಗುವ ಮುಂಚಿನ ರೂಪ ಅದು. ಹಳಗನ್ನಡದವರು ಪೞೆಯ, ಉೞಿ ಎಂದು ಎರಡರಲ್ಲೂ ೞ ಬರೆಯುತ್ತಿದ್ದರು. ಆ ಅಕ್ಷರದ ಕಥೆ ಅಮೃತಾಪುರಕ್ಕೂ ತಾಗುತ್ತದೆ: ಗುಡಿಯ ಮುಖಮಂಟಪದ ಬಳಿ ನಿಂತಿರುವ 1197ರ ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಅವನ ಸೋದರಳಿಯ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವೆಂಬ ವ್ಯಾಕರಣ ಬರೆಯುವಾಗ ೞಕಾರದ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು. ಆಡುವ ನಾಲಿಗೆ ಮರೆಯುತ್ತಿದ್ದರೆ ತಾನೆ ಪಟ್ಟಿಯ ಅಗತ್ಯ ಬೀಳುವುದು? ಮಾವನಿಗೆ ಸಹಜವಾಗಿದ್ದ ಅಕ್ಷರ ಅಳಿಯನ ಹೊತ್ತಿಗೆ ಕಾಪಿಡುವ ವಸ್ತುವಾಯಿತೇನೋ.

ಬಳಪಕ್ಕೂ ಇಂಥದೊಂದು ಗತಿ ಬಂತು. ಪದ ಉಳಿಯಿತು, ಕಲ್ಲು ಬದಲಾಯಿತು. ಕಾರ್ಖಾನೆಯಲ್ಲಿ ಕೊಯ್ದ ಕಡ್ಡಿಗಳಲ್ಲಿ ಎಷ್ಟೋ ಟಾಲ್ಕ್‌ನವಲ್ಲ, ಕೆಸರುಗಲ್ಲಿನವು. ಅದರಲ್ಲಿ ಬೆಣಚಿನ ನುಣ್ಣನೆ ಕಣ ಇರುತ್ತದೆ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಅಂಥ ಕಡ್ಡಿ ಕೊಯ್ಯುವವರು ದೂಳು ಕುಡಿದು ಸಿಲಿಕೋಸಿಸ್ ಹಿಡಿದು, ಹರೆಯದಲ್ಲೇ ಸತ್ತರು. ನಾವು ಎರಡು ಕಾಸಿಗೆ ಕೊಂಡು, ಬರೆದು, ಮುರಿದು, ಕದ್ದು ತಿಂದ ಕಡ್ಡಿಗೆ ಅಷ್ಟು ಬೆಲೆ ಯಾರೋ ತೆತ್ತಿದ್ದರೆಂಬುದು ಯಾವ ಮೇಷ್ಟ್ರೂ ಹೇಳಲಿಲ್ಲ.

ಮನೆಯ ಅಟ್ಟದಲ್ಲಿ ಹಳೆಯ ಬಳಪದ ತುಂಡೇನಾದರೂ ಸಿಕ್ಕಿದರೆ ಉಗುರಿನಿಂದ ಕೆರೆದು ನೋಡಿ. ಪುಡಿ ಉದುರಿ ಬೆರಳು ಜಾರಿದರೆ ಅದು ಹೆಸರಿಗೆ ತಕ್ಕ ಬಳಪ. ಉಗುರೇ ಸವೆದರೆ, ಸ್ಲೇಟಿನ ಮೇಲೆ ಕಿರ್ರೆಂದರೆ, ಬೇರೆ ಕಲ್ಲು. ಅಮೃತಾಪುರದ ಕಂಬದ ಮೇಲೆ ಮಾತ್ರ ಈ ಪರೀಕ್ಷೆ ದಯವಿಟ್ಟು ಬೇಡ. ಅಲ್ಲಿ ಈಗಾಗಲೇ ಬೇಕಾದಷ್ಟು ಜನ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ.