ವಜ್ರಲೇಪವೂ ಹುಣಸೂರು ಸೀಮೆಯ ಮರಗೆಲಸವೂ

ಬಿಸಿಲುಮಳೆಗಳಿಗೆ ಮೈಯೊಡ್ಡಿ ನಿಲ್ಲುವ ಮರಗೆಲಸವನ್ನು, ಎಂದರೆ ಬೇಲಿ, ಕಟಕಟೆ, ಹೊರಜಗಲಿಯ ಹಲಗೆ, ರಥ, ಬಂಡಿ ಮುಂತಾದುವನ್ನು, ಶುದ್ಧಿಮಾಡಿ ಲೇಪವಿಟ್ಟು ಕಾಪಾಡುವ ಕ್ರಮವು ನಮ್ಮಲ್ಲಿ ಹಿಂದೆ ಹೇಗಿದ್ದಿತೆಂದು ಯಾರಾದರೂ ಕೇಳಿದರೆ, ಪಂಡಿತರಾದವರು ವರಾಹಮಿಹಿರನ ವಜ್ರಲೇಪವನ್ನು ಹೆಸರಿಸಿ ಸುಮ್ಮನಾಗುವುದು ವಾಡಿಕೆ. ಆ ಹೆಸರೊಂದನ್ನೇ ನಂಬಿ ಕೆಟ್ಟವರಲ್ಲಿ ಈ ಲೇಖಕನೂ ಒಬ್ಬನಾದುದರಿಂದ, ಗ್ರಂಥಗಳ ಮಾತನ್ನೂ ಹುಣಸೂರು ಸೀಮೆಯ ಬಡಗಿಗಳ ನಡೆಯನ್ನೂ ಒಟ್ಟಿಗಿಟ್ಟು ನೋಡಬೇಕೆಂದು ತೋರಿತು.

ಹುಣಸೂರು ಮರಕ್ಕೆ ಹೆಸರಾದ ಊರು. ಪಶ್ಚಿಮಕ್ಕೂ ದಕ್ಷಿಣಕ್ಕೂ ತೇಗ, ಬೀಟೆ, ಹೊನ್ನೆ, ಮತ್ತಿಗಳ ಕಾಡು. ಅಲ್ಲಿಂದ ಮುಂದೆ ಕೊಡಗು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರನ್ನು ಪಡೆಯಿತಷ್ಟೆ. 1799ರ ತರುವಾಯ ಆ ಇಲಾಖೆಯ ಮುಖ್ಯಸ್ಥಾನವು ಹುಣಸೂರಾಯಿತು. ಸೈನ್ಯದ ಸರಬರಾಯಿಗಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೊಠಾರ ಇವು ಅಲ್ಲಿ ನೆಲೆಗೊಂಡವು. ಆ ಕಾರ್ಖಾನೆಗಳು ನಿಂತುಹೋದ ಮೇಲೆಯೂ ಅಲ್ಲಿ ಕೈಪಳಗಿದವರು ಕಸಬನ್ನು ಬಿಡಲಿಲ್ಲವೆಂದೂ, ಹುಣಸೂರಿನ ದೊಡ್ಡ ಬಂಡಿಗಳು ಪಶ್ಚಿಮ ಕರಾವಳಿಯ ಕಡೆಯ ಸರಕು ಸಾಗಣೆಗೆ ಬಹುವಾಗಿ ಬಳಕೆಯಲ್ಲಿದ್ದುವೆಂದೂ ರೈಸ್ ಸಾಹೇಬರ ಗ್ಯಾಸೆಟಿಯರಿನಿಂದ ತಿಳಿದುಬರುತ್ತದೆ. ಮಲೆಯ ಮಳೆಯಲ್ಲಿ ನೆನೆದು ಬಯಲಿನ ಬಿಸಿಲಿನಲ್ಲಿ ಒಣಗುವ ಈ ಬಂಡಿಯೇ ಇಲ್ಲಿಯ ಆಚಾರಿಗಳಿಗೆ ಪಾಠಶಾಲೆಯಾಯಿತೆಂದು ನಮ್ಮ ಊಹೆ.

ಎಲ್ಲ ಬೇಲಿಗೂ ಲೇಪ ಬೇಕೆಂದಲ್ಲ. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ 1971ರವರೆಗೆ ನಡೆದ ಖೆಡ್ಡಾಗಳಲ್ಲಿ ಆನೆಯ ಬಲವನ್ನು ತಡೆಯುವಂತೆ ದಿಮ್ಮಿಗಳನ್ನು ನೆಟ್ಟು ಕಟ್ಟುತ್ತಿದ್ದ ಆವರಣವು ಆ ಒಂದು ಕಾರ್ಯಕ್ಕೆ ಮಾತ್ರ ನಿಂತರೆ ಸಾಕಾಗಿತ್ತು. ಹಳೆಯ ಕಾಕನಕೋಟೆಯ ನೆಲವೇ ಈಗ ಕಪಿಲೆಯ ಜಲಾಶಯದ ಅಡಿಯಲ್ಲಿದೆ. ನಿಲ್ಲಬೇಕಾದ ಮರಕ್ಕೆ ಮಾತ್ರ ಲೇಪದ ಚಿಂತೆ.

ಇನ್ನು ಗ್ರಂಥಗಳು. ಬೃಹತ್ಸಂಹಿತೆಯ ವಜ್ರಲೇಪಾಧ್ಯಾಯದಲ್ಲಿ ಉಕ್ತವಾದ ಮೊದಲ ಪಾಕವು ಹೀಗೆ: ಎಳೆಯ ತಿಂದುಕ, ಎಳೆಯ ಬೇಲದಕಾಯಿ, ಬೂರುಗದ ಹೂ, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವನ್ನು ಒಂದು ದ್ರೋಣ ನೀರಿನಲ್ಲಿ ಕಾಯಿಸಿ ಎಂಟರಲ್ಲೊಂದು ಪಾಲಿಗೆ ಇಳಿಸಬೇಕು, ಅದಕ್ಕೆ ಸರಳವೃಕ್ಷದ ಅಂಟು, ಬೋಳ, ಗುಗ್ಗುಳ, ಭಲ್ಲಾತಕ, ಕುಂದುರುಕ, ರಾಳ, ಅಗಸೆ, ಬಿಲ್ವಗಳ ಕಲ್ಕವನ್ನು ಸೇರಿಸಿ ಬಿಸಿಯಾಗಿರುವಾಗಲೇ ಹಚ್ಚಬೇಕು. ಸಹಸ್ರವನ್ನು ಅಯುತದಿಂದ ಗುಣಿಸಿದಷ್ಟು, ಎಂದರೆ ಕೋಟಿ ವರ್ಷ ನಿಲ್ಲುವುದೆಂದು ಫಲಶ್ರುತಿ. ಅದನ್ನು ಅರ್ಥವಾದವೆಂದು ಬಿಡೋಣ. ಪ್ರಾಸಾದ, ಹರ್ಮ್ಯ, ವಲಭಿ, ಲಿಂಗ, ಪ್ರತಿಮೆ, ಗೋಡೆ, ಬಾವಿ ಇಷ್ಟನ್ನೇ ಆಚಾರ್ಯನು ಹೇಳುತ್ತಾನಲ್ಲದೆ ಮರವೆಂದು ಬಿಡಿಸಿ ಹೇಳುವುದಿಲ್ಲ. ವಲಭಿ, ಪ್ರತಿಮೆಗಳು ಮರದವೂ ಆಗಬಹುದಾದುದರಿಂದ ನಾವು ಊಹಿಸಿಕೊಳ್ಳಬೇಕು. ಅದೇ ಅಧ್ಯಾಯದ ಮುಂದಿನ ಪಾಕದಲ್ಲಿ ಅರಗೂ ಮನೆಯ ಹೊಗೆಮಸಿಯೂ ಬರುತ್ತವೆ. ಮತ್ತೊಂದರಲ್ಲಿ ಪಶುಗಳ ಕೊಂಬು, ಕೂದಲು, ಎಮ್ಮೆಯ ಚರ್ಮ ಬರುತ್ತವೆ. ಅದರ ಹೆಸರು ಬೇರೆ. ಆದರೆ 1131ರ ಸುಮಾರಿಗೆ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ಮಾಡಿದ ಅಂಟಿಗೇ ವಜ್ರಲೇಪವೆಂದು ಹೆಸರು. ಒಂದೇ ಹೆಸರು ಎರಡು ವಸ್ತುಗಳಿಗೆ ಸಂದಿದೆ. ಒಂದು ರಾಳ ಮತ್ತು ಎಣ್ಣೆಗಳದು, ಇನ್ನೊಂದು ಚಿತ್ರಭಿತ್ತಿಯ ಅಂಟು.

ಈ ಭೇದವನ್ನು ನಾವು ತಿಳಿದದ್ದು ತಡವಾಗಿ. ಹುಣಸೂರು ತಾಲ್ಲೂಕಿನ ಒಂದು ಗ್ರಾಮದಲ್ಲಿ ದೇವಾಲಯದ ಮುಂದಿನ ಮರದ ಕಟಕಟೆಯು ಬೂದುಬಣ್ಣಕ್ಕೆ ತಿರುಗಿ ಸೀಳುಬಿಟ್ಟಿದ್ದಿತು. ಊರವರು ಶಾಸ್ತ್ರಸಮ್ಮತವಾದುದನ್ನು ಹೇಳಿರೆಂದು ಕೇಳಿದಾಗ, ಮಾನಸೋಲ್ಲಾಸವನ್ನು ಆಗತಾನೆ ಓದಿದ್ದ ನಾವು ಚರ್ಮದ ಅಂಟಿನಲ್ಲಿ ಕಾವಿಯನ್ನು ಕಲಸಿ ಹಚ್ಚಿಸಿದೆವು. ಯುಗಾದಿಗೆ ಕಟಕಟೆ ಹೊಸದಾಗಿ ಹೊಳೆಯಿತು. ಆಷಾಢದ ಮಳೆಯಲ್ಲಿ ಕೆಂಪುನೀರು ಮೆಟ್ಟಿಲ ಮೇಲೆ ಹರಿಯಿತು. ಅಲ್ಲಿಯ ವೃದ್ಧ ಆಚಾರಿಯು ನಗದೆ, "ಸ್ವಾಮಿ, ನೀರಿನಲ್ಲಿ ಕರಗಿಸಿದ ಅಂಟು ನೀರು ಕಂಡರೆ ನಿಂತೀತೇ? ಮೊದಲೇ ಕೇಳಿದ್ದರೆ ಗೇರೆಣ್ಣೆ ಹೇಳುತ್ತಿದ್ದೆ" ಎಂದನು.

ಈ ಗೇರೆಂಬ ಮಾತೇ ವಿಚಾರಾರ್ಹವಾದುದು. ಇಂದು ಗೇರೆಂದರೆ ಗೋಡಂಬಿಯ ಮರವೆಂದೇ ಬಹುಮಂದಿಯ ಭಾವನೆ. ಆ ಮರವು ಪೋರ್ಚುಗೀಸರೊಡನೆ ಹದಿನಾರನೆಯ ಶತಮಾನದಲ್ಲಿ ಬಂದದ್ದು. ಆರನೆಯ ಶತಮಾನದ ವರಾಹಮಿಹಿರನು ಅದನ್ನು ಬಲ್ಲವನಲ್ಲ. ಮಾತು ಮಾತ್ರ ಹಳೆಯದು. ತಮಿಳಿನಲ್ಲಿ ಭಲ್ಲಾತಕಕ್ಕೆ ಸೇರಾಂಕೊಟ್ಟೈ ಎನ್ನುತ್ತಾರೆ, ಅದರ ಮೂಲರೂಪ ಸೇರ್. ತಮಿಳಿನ ಸೆವಿಗೆ ನಮ್ಮ ಕಿವಿಯೂ ಸೆಯ್ ಎಂಬುದಕ್ಕೆ ನಮ್ಮ ಗೆಯ್ ಎಂಬುದೂ ಹೇಗೋ ಹಾಗೆಯೇ ಸೇರ್ ಎಂಬುದಕ್ಕೆ ಗೇರು. ಆದುದರಿಂದ ಗೇರು ಮೊದಲಿನಿಂದಲೂ ಅಗಸರು ಬಟ್ಟೆಗೆ ಗುರುತು ಹಾಕುವ ಭಲ್ಲಾತಕದ ಹೆಸರು. ಹೊಸದಾಗಿ ಬಂದ ಮರಕ್ಕೆ ಸಾದೃಶ್ಯದಿಂದ ಅದು ಸಂದಿತು. ಸಾದೃಶ್ಯವು ಬರಿಯ ನೋಟದ್ದಲ್ಲ. ಎರಡೂ ಒಂದೇ ಕುಲದ ಮರಗಳು. ಎರಡರ ಸಿಪ್ಪೆಯಲ್ಲಿಯೂ ಮೈಗೆ ತಾಗಿದರೆ ಹುಣ್ಣೆಬ್ಬಿಸುವ, ಗಾಳಿಯಲ್ಲಿ ಕಪ್ಪಾಗಿ ಗಟ್ಟಿಯಾಗುವ ರಸವಿದೆ. ಜಪಾನಿನವರು ಪಾತ್ರೆಗಳಿಗೆ ಹಚ್ಚುವ ಉರುಷಿ ಅರಗೂ ಇದೇ ಕುಲದ ಮರದ ಹಾಲು. ವರಾಹಮಿಹಿರನ ಪಟ್ಟಿಯಲ್ಲಿ ಒಣಗಿ ಕಟ್ಟಿಕೊಳ್ಳುವ ಶಕ್ತಿಯು ಭಲ್ಲಾತಕಕ್ಕೂ ಅಗಸೆಗೂ ಮುಖ್ಯವಾಗಿ ಸೇರಿದ್ದೆಂದು ನಮ್ಮ ಅಭಿಪ್ರಾಯ. ಹೀಗೆ ನೋಡಿದರೆ ಆಚಾರಿಯ ಗೇರೆಣ್ಣೆಯು ಬೃಹತ್ಸಂಹಿತೆಗೆ ನಾವು ಹಚ್ಚಿಸಿದ ಅಂಟಿಗಿಂತ ಹತ್ತಿರವಾದುದು!

ಎಣ್ಣೆಗಳೊಳಗೂ ತಾರತಮ್ಯವುಂಟು. ಅಗಸೆಯೆಣ್ಣೆಯು ಗಾಳಿಯನ್ನು ಹೀರಿ ತೆಳುವಾದ ಪೊರೆಯಾಗುತ್ತದೆ. ಹರಳೆಣ್ಣೆಯೂ ಹೊಂಗೆಯೆಣ್ಣೆಯೂ ಹಾಗಾಗುವುದಿಲ್ಲ. ಹೊಂಗೆಯ ಕಹಿಯು ಹುಳುವನ್ನು ದೂರವಿಟ್ಟರೂ ಜಿಡ್ಡು ಹಾಗೆಯೇ ಉಳಿದು ಧೂಳನ್ನು ಕೂಡಿಸಿಕೊಳ್ಳುತ್ತದೆ. ಬಿಸಿಲು ಮರದ ನಾರುಗಳನ್ನು ಬೆಸೆದಿರುವ ಭಾಗವನ್ನು ಮೊದಲು ಕೆಡಿಸುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಉಳಿದ ನಾರು ಬೂದುಬಣ್ಣವಾಗುತ್ತದೆ. ಬಣ್ಣವಿಲ್ಲದ ಎಣ್ಣೆ ಇದನ್ನು ತಡೆಯಲಾರದು. ಕಾವಿಯಲ್ಲಿರುವ ಕಬ್ಬಿಣದ ಕೆಂಪು, ಬಂಡಿಯ ಕೀಲೆಣ್ಣೆಯಲ್ಲಿರುವ ಮಸಿ ಇವು ಬಿಸಿಲನ್ನು ತಾವು ನುಂಗಿಕೊಂಡು ಮರವನ್ನು ಉಳಿಸುತ್ತವೆ. ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿದ್ದ ಸೊಂಟಿ ಕಾಮೇಶಂ ಎಂಬವರು 1933ರಲ್ಲಿ ತಾಮ್ರ, ಕ್ರೋಮಿಯಂ, ಪಾಷಾಣಗಳ ದ್ರಾವಣವನ್ನು ಕಂಡುಹಿಡಿದು ಲೋಕಪ್ರಸಿದ್ಧರಾದರು. ಅದು ಹುಳಕ್ಕೂ ಬೂಷ್ಟಿಗೂ ಶತ್ರು. ಪಾಷಾಣದ ಭಯದಿಂದ ಅಮೆರಿಕದಲ್ಲಿ 2004ರಿಂದ ಮನೆಯ ಜಗಲಿ, ಬೇಲಿಗಳಿಗೆ ಅದನ್ನು ಕೈಬಿಟ್ಟಿದ್ದಾರೆ.

ಮರುವರ್ಷ ಕಟಕಟೆಯ ಕೆಲಸವು ಆಚಾರಿಯ ಮಾತಿನಂತೆ ನಡೆಯಿತು. ಸಂಕ್ರಾಂತಿ ಕಳೆದ ಮೇಲೆ ತೆಂಗಿನ ನಾರಿನಿಂದ ಬೂದಿನೀರು ಹಾಕಿ ತಿಕ್ಕಿಸಿದನು. ಕಬ್ಬಿಣದ ತಂತಿಯ ಕುಂಚವನ್ನು ಮುಟ್ಟಗೊಡಲಿಲ್ಲ. ಅದರ ಚೂರು ಸಿಕ್ಕಿಕೊಂಡರೆ ಮರದ ಒಗರಿಗೆ ತಾಗಿ ಕಪ್ಪು ಕಲೆ ಬೀಳುವುದಂತೆ. ಬೂದಿನೀರಿನ ಕ್ಷಾರದಿಂದ ಮರ ಕಂದಿದಾಗ ಹುಣಿಸೆಯ ಹುಳಿನೀರನ್ನು ಎರೆದು ತೊಳೆಸಿದನು, ಬಣ್ಣ ತಿಳಿಯಾಯಿತು. ಹುಣಿಸೆಯ ಊರೇ ಹುಣಸೂರೆಂದು ಜನರು ಹೇಳುವ ಮಾತು ಆಗ ನೆನಪಿಗೆ ಬಂದು ನಗೆ ಬಂದಿತು. ಹದಿನೈದು ದಿನ ಏನನ್ನೂ ಹಚ್ಚದೆ ಒಣಗಲು ಬಿಟ್ಟನು. ಒಳಗೆ ತೇವವಿದ್ದರೆ ಲೇಪವು ಅದನ್ನು ಒಳಗೇ ಹಿಡಿದು ಕೊಳೆಸುತ್ತದೆಂದು ಅವನ ಮತ. ಗೇರೆಣ್ಣೆಯನ್ನು ಕೈ ತಾಗದ ಬುಡಗಳಿಗೆ ಮಾತ್ರ ಇಟ್ಟು, ಮೇಲಕ್ಕೆ ಕಾವಿ ಬೆರೆಸಿದ ಅಗಸೆಯೆಣ್ಣೆಯನ್ನು ತೆಳುವಾಗಿ ಎರಡು ಸಲ ಹಚ್ಚಿ, ಹೆಚ್ಚಾದುದನ್ನು ಬಟ್ಟೆಯಿಂದ ಒರೆಸಿದನು. ಎಣ್ಣೆಯ ಬಟ್ಟೆಗಳನ್ನು ಗುಡ್ಡೆಹಾಕಿದರೆ ತಾನಾಗಿ ಹೊತ್ತಿಕೊಳ್ಳುವುದೆಂದು ಹೇಳಿ ಕಲ್ಲಿನ ಮೇಲೆ ಬಿಡಿಬಿಡಿಯಾಗಿ ಹರವಿಸಿದನು. ನಾಲ್ಕು ಮಳೆಗಾಲಗಳು ಕಳೆದಿವೆ. ಪಡುವಣ ಬಿಸಿಲು ಬೀಳುವ ಎರಡು ಸರಳುಗಳಿಗೆ ಮಾತ್ರ ಈ ಸಲ ಮತ್ತೆ ಎಣ್ಣೆ ಇಡಬೇಕೆಂದು ಆಚಾರಿಯ ಮಗನು ಹೇಳಿಕಳುಹಿಸಿದ್ದಾನೆ.