‘ಇಂದ’ ಮತ್ತು ‘ಮೂಲಕ’: ರಾಮಮೋಹನ ರಾಯ್ ಓದಿದ ಯೋಹಾನ

ಕೋಲ್ಕತ್ತದ ಆಮ್ಹರ್ಸ್ಟ್ ಸ್ಟ್ರೀಟ್ ಈಗ ರಾಜಾ ರಾಮಮೋಹನ ಸರಣಿ. ನಮ್ಮ ಶಾಲಾ ಪಠ್ಯಗಳಲ್ಲಿ ರಾಯ್ ಎಂದರೆ ಸತಿ ಪದ್ಧತಿಯ ವಿರೋಧಿ. ಅಲ್ಲಿಗೆ ಪಾಠ ಮುಗಿಯುತ್ತದೆ. ಯೇಸು ಯಾರು, ಆತ ಬಂದದ್ದೇತಕ್ಕೆ ಎಂಬ ಪ್ರಶ್ನೆಯನ್ನು ಹಿಡಿದು ಅವರು ಇದೇ ನಗರದಲ್ಲಿ ಮಿಷನರಿಗಳೊಡನೆ ವರ್ಷಗಟ್ಟಲೆ ವಾದಿಸಿದ್ದು ಅಷ್ಟಾಗಿ ತಿಳಿದಿಲ್ಲ.

1820ರಲ್ಲಿ ರಾಯ್ ಸುವಾರ್ತೆಗಳಿಂದ ಯೇಸುವಿನ ಉಪದೇಶಗಳನ್ನಷ್ಟೇ ಆಯ್ದು ‘ಪ್ರಿಸೆಪ್ಟ್ಸ್ ಆಫ್ ಜೀಸಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಪವಾಡಗಳನ್ನೂ ಸಿದ್ಧಾಂತದ ಭಾಗಗಳನ್ನೂ ಬಹುಮಟ್ಟಿಗೆ ಬಿಟ್ಟಿದ್ದರು. ಶ್ರೀರಾಂಪುರದ ಜೋಶುವಾ ಮಾರ್ಷ್‌ಮನ್ ಕೆರಳಿದರು. (1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದೂ ಅದೇ ಊರಿನಲ್ಲಿ.) ಪ್ರಾಯಶ್ಚಿತ್ತ ಬಲಿಯಾಗಿ ಬಂದ ದೇವಪುತ್ರನನ್ನು ಕೇವಲ ನೀತಿಬೋಧಕನನ್ನಾಗಿ ಮಾಡಬಹುದೆ ಎಂಬುದು ಅವರ ಆಕ್ಷೇಪ. ಅದು ಹುರುಳಿಲ್ಲದ ಆಕ್ಷೇಪವೇನಲ್ಲ. ಆಯ್ಕೆಯೂ ಒಂದು ವ್ಯಾಖ್ಯಾನವೇ.

ಆದರೆ ವಾದದ ತಿರುಳು ನನಗೆ ಕಾಣುವುದು ಒಂದು ಪುಟ್ಟ ಗ್ರೀಕ್ ಪದದಲ್ಲಿ. ಬ್ಯಾಪ್ಟಿಸ್ಟ್ ಮಿಷನರಿಗಳಾದ ವಿಲಿಯಂ ಯೇಟ್ಸ್ ಮತ್ತು ವಿಲಿಯಂ ಆಡಂ ಅವರೊಡನೆ ರಾಯ್ ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದರು. ಯೋಹಾನನ ಮೊದಲ ಅಧ್ಯಾಯದ ಮೂರನೆಯ ವಚನ ಬಂತು. ಅಲ್ಲಿ ಸೃಷ್ಟಿಗೂ ‘ವಾಕ್ಯ’ವೆಂದು ಕರೆಯಲಾದ ಕ್ರಿಸ್ತನಿಗೂ ಇರುವ ಸಂಬಂಧವನ್ನು ಹೇಳುವುದು ‘ದಿಯಾ’ ಎಂಬ ಅವ್ಯಯ. ಸೃಷ್ಟಿಯಾದದ್ದು ಆತನಿಂದಲೋ, ಆತನ ಮೂಲಕವೋ? ಕನ್ನಡದ ‘ಇಂದ’ ಕರ್ತೃವಿಗೂ ಸಲ್ಲುತ್ತದೆ, ಕರಣಕ್ಕೂ ಸಲ್ಲುತ್ತದೆ. ‘ಮೂಲಕ’ ಎಂದೊಡನೆ ಹಿಂದೆ ಇನ್ನೊಬ್ಬ ಕರ್ತೃ ನಿಲ್ಲುತ್ತಾನೆ. ಸರ್ಕಾರಿ ನೌಕರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನನ್ನ ಮೇಜಿನ ಮೂಲಕ ಹೊರಟ ಆದೇಶವೆಲ್ಲ ನನ್ನ ಆದೇಶವಲ್ಲ.

ರಾಯ್ ‘ಮೂಲಕ’ದ ಪಕ್ಷ. ಯೇಟ್ಸ್ ಒಪ್ಪದೆ ಕೆಲಸದಿಂದ ಹಿಂದೆ ಸರಿದರು. ಆಡಂ ಮಾತ್ರ ಯೋಚಿಸುತ್ತ ಹೋಗಿ, 1821ರಲ್ಲಿ ತ್ರಿತ್ವವನ್ನೇ ಕೈಬಿಟ್ಟು ಏಕದೇವವಾದಿಯಾದರು. ಹಿಂದೂವನ್ನು ಕ್ರೈಸ್ತನನ್ನಾಗಿಸಲು ಬಂದವರ ನಂಬಿಕೆಯೇ ಬದಲಾಗಿತ್ತು! ಊರಿನವರು ಇದನ್ನು ಆದಾಮನ ಎರಡನೆಯ ಪತನವೆಂದು ನಕ್ಕರಂತೆ. ನಗುವವರಿಗೇನು, ಆಡಂ ಕಳೆದುಕೊಂಡದ್ದು ತಮ್ಮ ಮಿಷನ್ನನ್ನು, ಜೊತೆಗಾರರನ್ನು.

ತಾನೂ ತಂದೆಯೂ ಒಂದೇ ಎಂದು ಯೇಸು ಹೇಳಿಲ್ಲವೆ ಎಂದು ಮಾರ್ಷ್‌ಮನ್ ಪಕ್ಷ ಕೇಳಿತು. ರಾಯ್ ಹುಡುಕಿದ ಉತ್ತರ ಅದೇ ಯೋಹಾನನಲ್ಲಿತ್ತು. ಹದಿನೇಳನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರೂ ಹಾಗೆಯೇ ಒಂದಾಗಿರಲೆಂದು ಬೇಡುತ್ತಾನೆ. ಆ ಏಕತೆ ಮನಸ್ಸಿನದು, ಇಚ್ಛೆಯದು. ಇಲ್ಲವಾದರೆ ಶಿಷ್ಯರನ್ನೂ ದೇವರೆನ್ನಬೇಕಾದೀತು. ಯೋಹಾನನ ಮೊದಲ ವಚನ ಈ ಓದಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ, ನಿಜ. ಆದರೂ ಪಠ್ಯವನ್ನು ಪಠ್ಯದಿಂದಲೇ ಅರ್ಥೈಸುವ ಆ ಪಟ್ಟು ಉಪನಿಷತ್ತುಗಳನ್ನು ಅನುವಾದಿಸಿದವರದ್ದು.

1823ರ ಕೊನೆಯ ಉತ್ತರವನ್ನು ಅಚ್ಚು ಹಾಕಲು ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯ ಒಪ್ಪಲಿಲ್ಲ. ರಾಯ್ ಧರ್ಮತಲಾದಲ್ಲಿ ತಮ್ಮದೇ ಮುದ್ರಣಾಲಯ ತೆರೆದು ಅದನ್ನು ಅಚ್ಚು ಹಾಕಿಸಿದರು.