ಗೌಸ್‌ನ ಲೆಕ್ಕದ ಹಾಳೆಗಳು: ಒಬ್ಬ ಗಣಿತಜ್ಞನ ಬದುಕನ್ನು ಮೂಲಗಳಿಂದ ಓದುವ ಪ್ರಯತ್ನ

ಕಾರ್ಲ್ ಫ್ರೆಡ್ರಿಕ್ ಗೌಸ್ 1855ರ ಫೆಬ್ರುವರಿ 23ರಂದು ಗಾಟಿಂಗೆನ್‌ನಲ್ಲಿ ತೀರಿಕೊಂಡ. ಅಂಗರಚನಾಶಾಸ್ತ್ರಜ್ಞ ರುಡಾಲ್ಫ್ ವಾಗ್ನರ್ ಅವನ ಮೆದುಳನ್ನು ತೆಗೆದು ತೂಗಿ ನೋಡಿದ: 1,492 ಗ್ರಾಂ. ಮಹಾಪ್ರತಿಭೆಯ ಗುರುತು ಮೆದುಳಿನ ಮಡಿಕೆಗಳಲ್ಲಿ ಸಿಕ್ಕೀತು ಎಂಬ ನಂಬಿಕೆ ಆ ಕಾಲದ್ದು. ಜಾಡಿಯಲ್ಲಿ ಕಾಪಿಟ್ಟ ಆ ಮೆದುಳನ್ನು ಮುಂದಿನ ತಲೆಮಾರುಗಳ ವಿಜ್ಞಾನಿಗಳೂ ಪರೀಕ್ಷಿಸಿದರು. 2013ರಲ್ಲಿ ಗೊತ್ತಾದ ಸಂಗತಿಯೆಂದರೆ, ಜಾಡಿಗಳು ಎಂದೋ ಅದಲುಬದಲಾಗಿದ್ದವು. ಗೌಸ್‌ನದೆಂದು ನೋಡುತ್ತಿದ್ದ ಮೆದುಳು ಅದೇ ಊರಿನ ವೈದ್ಯ ಕಾನ್ರಾಡ್ ಹೈನ್ರಿಖ್ ಫುಕ್ಸ್‌ನದು.

ತಪ್ಪು ಜಾಡಿಯ ಈ ಪ್ರಸಂಗ ನಗು ತರಿಸುತ್ತದೆ ನಿಜ. ಆದರೆ ಗೌಸ್‌ನ ಬಗ್ಗೆ ಪ್ರಚಲಿತವಿರುವ ಬರಹಗಳಲ್ಲಿ ಬಹುಪಾಲು ಕೂಡ ಇದೇ ಬಗೆಯ ಹುಡುಕಾಟವೇ. ಹುಟ್ಟಿನಿಂದಲೇ ಬಂದ ಏನೋ ಒಂದು ಅಲೌಕಿಕ ಶಕ್ತಿಯನ್ನು ಅವು ಅವನಲ್ಲಿ ಕಾಣುತ್ತವೆ. ಅವನ ದಿನಚರಿ, ಪತ್ರಗಳು, ಸತ್ತ ಮೇಲೆ ಅಚ್ಚಾದ ಟಿಪ್ಪಣಿಗಳು ತೋರಿಸುವ ಮನುಷ್ಯ ಬೇರೆ. ಅವನು ದಣಿವರಿಯದ ಲೆಕ್ಕಿಗ. ಅವನ ಸಿದ್ಧಾಂತಗಳ ದೊಡ್ಡ ಭಾಗ ದಶಮಾಂಶಗಳನ್ನು ಹತ್ತಾರು ಸ್ಥಾನಗಳವರೆಗೆ ಬೆಳೆಸುವ, ಕೋಷ್ಟಕಗಳನ್ನು ಎಣಿಸುವ, ಕೋನಗಳನ್ನು ಅಳೆಯುವ ದುಡಿಮೆಯಿಂದ ಹುಟ್ಟಿದ್ದು ಎಂಬುದು ಈ ಲೇಖನದ ವಾದ.

ಮೊದಲಿಗೆ ಎಲ್ಲರಿಗೂ ಗೊತ್ತಿರುವ ಶಾಲೆಯ ಕಥೆ. ಮೇಷ್ಟ್ರು 1ರಿಂದ 100ರವರೆಗಿನ ಸಂಖ್ಯೆಗಳನ್ನು ಕೂಡಿಸಲು ಹೇಳಿದರಂತೆ, ಹುಡುಗ ಕ್ಷಣದಲ್ಲಿ 5050 ಎಂದು ಬರೆದನಂತೆ. ಇದರ ಮೂಲ ಗೌಸ್‌ನ ಗೆಳೆಯ, ಭೂವಿಜ್ಞಾನಿ ಸಾರ್ಟೋರಿಯಸ್ ಫಾನ್ ವಾಲ್ಟರ್ಸ್‌ಹೌಸನ್ 1856ರಲ್ಲಿ ಪ್ರಕಟಿಸಿದ ಸ್ಮರಣ ಗ್ರಂಥ. ಅಲ್ಲಿರುವುದು ಇಷ್ಟೇ: ಬ್ಯೂಟ್ನರ್ ಎಂಬ ಮೇಷ್ಟ್ರು ಒಂದು ಸಮಾಂತರ ಶ್ರೇಢಿಯ ಮೊತ್ತ ಕೇಳಿದ, ಪುಟ್ಟ ಗೌಸ್ ಎಲ್ಲರಿಗಿಂತ ಮೊದಲು ಸ್ಲೇಟನ್ನು ಮೇಜಿನ ಮೇಲಿಟ್ಟ. ಶ್ರೇಢಿ ಯಾವುದೆಂದು ಅಲ್ಲಿ ಹೇಳಿಲ್ಲ. 1 ಇಲ್ಲ, 100 ಇಲ್ಲ, 5050 ಇಲ್ಲ. 1937ರಲ್ಲಿ ಇ.ಟಿ. ಬೆಲ್ ತನ್ನ ಜನಪ್ರಿಯ ಪುಸ್ತಕದಲ್ಲಿ 81297ರಿಂದ ಶುರುವಾಗಿ 198ರಂತೆ ಏರುವ ಶ್ರೇಢಿಯನ್ನು ಕೊಟ್ಟ. ಹೇಳುವವರು ಬದಲಾದಂತೆ ಸಂಖ್ಯೆಗಳೂ ಬದಲಾದವು. ಗೌಸ್ ಮುಪ್ಪಿನಲ್ಲಿ ಈ ಪ್ರಸಂಗವನ್ನು ತಾನೇ ಖುಷಿಯಿಂದ ಹೇಳಿಕೊಳ್ಳುತ್ತಿದ್ದನೆಂದು ಸಾರ್ಟೋರಿಯಸ್ ಬರೆದಿರುವುದರಿಂದ ಕಥೆ ಪೂರ್ತಿ ಕಟ್ಟುಕಥೆಯಾಗಿರಲಾರದು. ನನಗೆ ಮುಖ್ಯವೆನಿಸುವುದು ಅದೇ ಶಾಲೆಯ ಇನ್ನೊಂದು ಸಂಗತಿ. ಅಲ್ಲಿ ಸಹಾಯಕನಾಗಿದ್ದ ಮಾರ್ಟಿನ್ ಬಾರ್ಟೆಲ್ಸ್ ಗೌಸ್‌ಗಿಂತ ಎಂಟೇ ವರ್ಷ ದೊಡ್ಡವನು. ಇಬ್ಬರೂ ಒಟ್ಟಿಗೆ ಕೂತು ಗಣಿತ ಓದಿದರು. ಇದೇ ಬಾರ್ಟೆಲ್ಸ್ ಮುಂದೆ ರಷ್ಯಾದ ಕಜಾನಿಗೆ ಹೋಗಿ ಲೊಬಚೆವ್ಸ್ಕಿಗೆ ಗುರುವಾದ.

ಗೌಸ್ ಹುಟ್ಟಿದ್ದು 1777ರ ಏಪ್ರಿಲ್ 30ರಂದು, ಬ್ರೌನ್‌ಷ್ವೈಗ್‌ನ ಬಡ ಕುಟುಂಬದಲ್ಲಿ. ಓದುಬರಹ ಹೆಚ್ಚು ಬಾರದ ತಾಯಿ ಡೊರೊತಿಯಾಗೆ ಮಗ ಹುಟ್ಟಿದ ತಾರೀಖು ನೆನಪಿರಲಿಲ್ಲ. ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರ ಎಂಬುದಷ್ಟೇ ನೆನಪು. ಆ ಹಬ್ಬ ಈಸ್ಟರ್ ದಿನವನ್ನು ಅವಲಂಬಿಸಿದೆ, ಈಸ್ಟರ್ ಚಂದ್ರನ ಗತಿಯನ್ನು ಅವಲಂಬಿಸಿದೆ. ಯಾವುದೇ ವರ್ಷದ ಈಸ್ಟರ್ ಕಂಡುಹಿಡಿಯುವ ಸೂತ್ರವನ್ನು ಗೌಸ್ 1800ರಲ್ಲಿ ಪ್ರಕಟಿಸಿದ. ತನ್ನ ಜನ್ಮದಿನವನ್ನೂ ಲೆಕ್ಕ ಹಾಕಿಯೇ ಪಡೆದವರು ಹೆಚ್ಚು ಜನ ಇರಲಾರರು. ಹುಡುಗನ ಓದಿಗೆ ಬ್ರೌನ್‌ಷ್ವೈಗ್‌ನ ಡ್ಯೂಕ್ ಕಾರ್ಲ್ ವಿಲ್ಹೆಲ್ಮ್ ಫರ್ಡಿನಾಂಡ್ ಹಣ ಕೊಟ್ಟ. ಆ ಆಶ್ರಯ ಹದಿನೈದು ವರ್ಷ ನಡೆಯಿತು.

ಹದಿಹರೆಯದಲ್ಲಿ ಗೌಸ್‌ನ ಕೈಗೆ ಲಾಗರಿದಮ್ ಕೋಷ್ಟಕಗಳೂ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯೂ ಬಂದವು. 1792 ಅಥವಾ 1793ರಲ್ಲಿ, ಅಂದರೆ ಹದಿನೈದು ಹದಿನಾರರ ಪ್ರಾಯದಲ್ಲಿ, ಅವನು ಸಾವಿರ ಸಾವಿರದ ಕಂತುಗಳಲ್ಲಿ ಎಷ್ಟೆಷ್ಟು ಅವಿಭಾಜ್ಯಗಳಿವೆ ಎಂದು ಎಣಿಸತೊಡಗಿದ. ಸಂಖ್ಯೆ ದೊಡ್ಡದಾದಂತೆ ಅವು ವಿರಳವಾಗುತ್ತವೆ. ಆ ವಿರಳತೆಗೆ ಒಂದು ಲಯವಿದೆ. ಒಂದು ಸಂಖ್ಯೆಯ ಆಸುಪಾಸಿನಲ್ಲಿ ಅವಿಭಾಜ್ಯಗಳ ಸಾಂದ್ರತೆ ಆ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್‌ಗೆ ವಿಲೋಮವಾಗಿದೆ ಎಂದು ಅವನು ಊಹಿಸಿದ. ಹತ್ತು ಲಕ್ಷದ ಹತ್ತಿರ ಆ ಲಾಗರಿದಮ್ ಸುಮಾರು 13.8, ಅಲ್ಲಿ ಸರಾಸರಿ ಹದಿನಾಲ್ಕು ಸಂಖ್ಯೆಗಳಿಗೆ ಒಂದು ಅವಿಭಾಜ್ಯ. ಈ ಊಹೆಯನ್ನು ಅವನು ಎಂದೂ ಪ್ರಕಟಿಸಲಿಲ್ಲ. ಅದು ನಮಗೆ ಮುಖ್ಯವಾಗಿ ತಿಳಿದಿರುವುದು 1849ರಲ್ಲಿ ಶಿಷ್ಯ ಎಂಕೆಗೆ ಬರೆದ ಪತ್ರದಿಂದ. ಬಿಡುವಿನ ಕಾಲುಗಂಟೆಗಳಲ್ಲಿ ಒಂದೊಂದು ಸಾವಿರವನ್ನು ಎಣಿಸುತ್ತ ಬಂದೆ ಎಂಬರ್ಥದ ಮಾತು ಆ ಪತ್ರದಲ್ಲಿದೆ. ಊಹೆಗೆ ಸಾಧನೆ ದೊರೆತದ್ದು 1896ರಲ್ಲಿ, ಹದಮಾರ್ ಮತ್ತು ದ ಲಾ ವಾಲೆ ಪೂಸೆನ್‌ರಿಂದ.

1795ರಲ್ಲಿ ಗಾಟಿಂಗೆನ್‌ಗೆ ಓದಲು ಹೋದಾಗ ಭಾಷಾಶಾಸ್ತ್ರವೋ ಗಣಿತವೋ ಎಂಬ ತೊಳಲಾಟ ಅವನಿಗಿತ್ತು. 1796ರ ಮಾರ್ಚ್ 30ಕ್ಕೆ ಅದು ತೀರಿತು. ಅಂದು ಹದಿನೇಳು ಬಾಹುಗಳ ಸಮಬಹುಭುಜವನ್ನು ಕೈವಾರ ಮತ್ತು ಗೆರೆಪಟ್ಟಿಗಳಿಂದಲೇ ರಚಿಸಬಹುದೆಂದು ಅವನು ಕಂಡುಕೊಂಡ. ಗ್ರೀಕರ ಕಾಲದಿಂದ ಅಲುಗದೆ ನಿಂತಿದ್ದ ಪ್ರಶ್ನೆ ಅದು. ಅದೇ ಸಂಗತಿಯಿಂದ ಅವನ ಗಣಿತ ದಿನಚರಿಯೂ ಶುರುವಾಗುತ್ತದೆ. 1814ರವರೆಗೆ ಲ್ಯಾಟಿನ್‌ನಲ್ಲಿ ಬರೆದ 146 ಚುಟುಕು ನಮೂದುಗಳು. ಕೆಲವು ಇಂದಿಗೂ ಅರ್ಥವಾಗದ ಒಗಟುಗಳು. ಈ ಪುಟ್ಟ ದಾಖಲೆ ಮೊಮ್ಮಗನ ಮನೆಯಲ್ಲಿ ಸಿಕ್ಕಿದ್ದು 1898ರಲ್ಲಿ. ಗೌಸ್ ತನ್ನದೆಂದು ಹೇಳಿಕೊಂಡಿದ್ದ ಹಲವು ಆದ್ಯತೆಗಳು ಹುಸಿಯಲ್ಲ ಎಂಬುದಕ್ಕೆ ಅದು ಸಾಕ್ಷಿಯಾಯಿತು.

ದಿನಚರಿಯ 1799ರ ಮೇ 30ರ ನಮೂದಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1 ಮತ್ತು 2ರ ವರ್ಗಮೂಲ ಎಂಬ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಅವುಗಳ ಸರಾಸರಿ 1.2071068, ಅವುಗಳ ಗುಣಲಬ್ಧದ ವರ್ಗಮೂಲ 1.1892071. ಈ ಎರಡಕ್ಕೆ ಮತ್ತೆ ಅದೇ ಕ್ರಿಯೆ ಮಾಡಿದರೆ 1.1981569 ಮತ್ತು 1.1981235. ಇನ್ನೊಂದು ಸುತ್ತಿಗೆ ಎರಡೂ 1.1981402 ಎಂಬಲ್ಲಿ ಕೂಡಿಬಿಡುತ್ತವೆ. ಇತ್ತ, ಎಂಟರ ಅಂಕಿಯನ್ನು ಅಡ್ಡ ಮಲಗಿಸಿದಂತಿರುವ ಲೆಮ್ನಿಸ್ಕೇಟ್ ಎಂಬ ವಕ್ರರೇಖೆಯ ಉದ್ದವನ್ನು ಗೌಸ್ ಬೇರೆಯೇ ಕಾರಣಕ್ಕೆ ಲೆಕ್ಕ ಹಾಕಿಟ್ಟಿದ್ದ. ವೃತ್ತಕ್ಕೆ ಪೈ ಇರುವಂತೆ ಅದಕ್ಕೂ ಒಂದು ಸ್ಥಿರಾಂಕ, ಸುಮಾರು 2.6220576. ಪೈಯನ್ನು ಇದರಿಂದ ಭಾಗಿಸಿದರೆ ಬಂದದ್ದು ಅದೇ 1.1981402. ಹನ್ನೊಂದನೆಯ ದಶಮಾಂಶ ಸ್ಥಾನದವರೆಗೂ ಹೊಂದುತ್ತದೆಂದು ಪರೀಕ್ಷಿಸಿ, ಇದು ಸಾಧಿತವಾದರೆ ವಿಶ್ಲೇಷಣೆಯ ಹೊಸ ಕ್ಷೇತ್ರವೇ ತೆರೆಯುತ್ತದೆಂದು ಅವನು ಬರೆದುಕೊಂಡ. ತರ್ಕದಿಂದ ಅಲ್ಲಿಗೆ ತಲುಪುವ ದಾರಿ ಅಂದು ಯಾರ ಬಳಿಯೂ ಇರಲಿಲ್ಲ. ಏಳೆಂಟು ಸ್ಥಾನಗಳಿಗೇ ಸಾಕೆನ್ನುವವನು ಅದನ್ನು ಆಕಸ್ಮಿಕವೆಂದು ಬಿಟ್ಟುಬಿಡುತ್ತಿದ್ದನೇನೋ. ತೆರೆದದ್ದು ದೀರ್ಘವೃತ್ತೀಯ ಫಲನಗಳ ಕ್ಷೇತ್ರ. 1827ರ ಹೊತ್ತಿಗೆ ಏಬೆಲ್ ಮತ್ತು ಜಾಕೋಬಿ ಅದನ್ನು ಸ್ವತಂತ್ರವಾಗಿ ಕಟ್ಟುವವರೆಗೆ ಗೌಸ್‌ನ ಹಾಳೆಗಳು ಪೆಟ್ಟಿಗೆಯಲ್ಲೇ ಇದ್ದವು.

ಪ್ರಕಟಿಸಿದ್ದನ್ನು ಮಾತ್ರ ಅವನು ಎಲ್ಲೂ ಹುಳುಕಿಲ್ಲದಂತೆ ತಿದ್ದಿ ಕೊಡುತ್ತಿದ್ದ. 1799ರಲ್ಲಿ ಬೀಜಗಣಿತದ ಮೂಲಪ್ರಮೇಯದ ಮೇಲಿನ ಪ್ರಬಂಧಕ್ಕೆ ಹೆಲ್ಮ್‌ಷ್ಟೆಟ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1801ರಲ್ಲಿ ಲೈಪ್ಸಿಗ್‌ನಿಂದ ಬಂದ ‘ಡಿಸ್ಕ್ವಿಸಿಶಿಯೋನೆಸ್ ಅರಿತ್ಮೆಟಿಕೆ’ ಸಂಖ್ಯಾಶಾಸ್ತ್ರವನ್ನು ಬಿಡಿ ಚಮತ್ಕಾರಗಳ ಗಂಟಿನಿಂದ ಒಂದು ಶಾಸ್ತ್ರವಾಗಿ ಮಾರ್ಪಡಿಸಿತು. ಎರಡು ಸಂಖ್ಯೆಗಳನ್ನು ಒಂದೇ ಭಾಜಕದಿಂದ ಭಾಗಿಸಿದಾಗ ಶೇಷ ಒಂದೇ ಆದರೆ ಅವನ್ನು ಸರಿಸಮವೆಂದು ಬಗೆಯುವ ಸಂಕೇತ ಪದ್ಧತಿ ಅಲ್ಲಿಂದ ಬಂದದ್ದು. ಅಲ್ಲಿರುವ ವರ್ಗ ವ್ಯುತ್ಕ್ರಮ ನಿಯಮಕ್ಕೆ ಗೌಸ್ ಜೀವಮಾನದಲ್ಲಿ ಆರು ಸಾಧನೆಗಳನ್ನು ಪ್ರಕಟಿಸಿದ. ಅಂದಿನ ದೊಡ್ಡ ದೊಡ್ಡವರೇ ಓದಲು ಹೆಣಗಿದ ಈ ಪುಸ್ತಕದ ಕುರಿತು 1804ರಲ್ಲಿ ಪ್ಯಾರಿಸ್‌ನಿಂದ ‘ಮಸ್ಯೂ ಲ ಬ್ಲಾಂ’ ಎಂಬಾತನ ಪತ್ರ ಬಂತು. ಆ ಹೆಸರಿನ ಹಿಂದೆ ಇದ್ದವಳು ಸೋಫಿ ಜರ್ಮೇನ್. ನಿಜ ತಿಳಿದಾಗ, 1807ರಲ್ಲಿ, ಹೆಣ್ಣೊಬ್ಬಳು ಎದುರಿಸಬೇಕಾದ ಅಡ್ಡಿಗಳನ್ನು ನೆನೆದು ಗೌಸ್ ಬರೆದ ಮೆಚ್ಚುಗೆಯ ಉತ್ತರ ಆ ಕಾಲಕ್ಕೆ ಅಪರೂಪದ್ದು.

ಲೋಕ ಅವನ ಹೆಸರು ಕೇಳಿದ್ದು ಮಾತ್ರ ಆಕಾಶದಿಂದ. 1801ರ ಜನವರಿ 1ರಂದು ಪಲೆರ್ಮೊದಲ್ಲಿ ಪಿಯಾಜಿ ಸೀರಿಸ್ ಎಂಬ ಹೊಸ ಕಾಯವನ್ನು ಕಂಡ. ಫೆಬ್ರುವರಿ 11ರವರೆಗೆ ನೋಡಿದ. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಅಷ್ಟರಲ್ಲಿ ಅದು ಬಾನಿನಲ್ಲಿ ಸರಿದದ್ದು ಮೂರು ಡಿಗ್ರಿಯಷ್ಟು. ಅದರಿಂದ ಪೂರ್ತಿ ಕಕ್ಷೆ ಹೇಗೆ ತೆಗೆಯುವುದು? 24ರ ಗೌಸ್ ಹೊಸ ವಿಧಾನ ಹೂಡಿ, ಉಳಿದವರು ಹೇಳಿದ್ದಕ್ಕಿಂತ ಬಹಳ ಪೂರ್ವಕ್ಕೆ ಹುಡುಕಿರೆಂದ. ವರ್ಷದ ಕೊನೆಯ ದಿನ ಗೋಥಾದಲ್ಲಿ ಫಾನ್ ಜಾಖ್‌ಗೆ ಅದು ಅಲ್ಲೇ ಸಿಕ್ಕಿತು, ಅರ್ಧ ಡಿಗ್ರಿಯ ಅಂತರದಲ್ಲಿ.

ಖಗೋಳದ ಈ ಕೆಲಸ ಒಂದು ಜಗಳವನ್ನೂ ತಂದಿತು. ಅಳತೆಗಳಲ್ಲಿ ದೋಷ ತಪ್ಪದು. ದೋಷಗಳ ವರ್ಗಗಳ ಮೊತ್ತ ಕನಿಷ್ಠವಾಗುವಂತೆ ಉತ್ತರ ಆರಿಸುವುದೇ ಕನಿಷ್ಠ ವರ್ಗಗಳ ವಿಧಾನ. ಫ್ರೆಂಚ್ ಗಣಿತಜ್ಞ ಲಜಾಂದ್ರ ಇದನ್ನು 1805ರಲ್ಲಿ ಅಚ್ಚಿಗೆ ಕೊಟ್ಟ. 1809ರ ತನ್ನ ಗ್ರಂಥದಲ್ಲಿ ಗೌಸ್ ಇದನ್ನು 1795ರಿಂದಲೇ ಬಳಸುತ್ತಿದ್ದೇನೆಂದು ಬರೆದದ್ದು ಲಜಾಂದ್ರನನ್ನು ಕೆರಳಿಸಿತು. ಗೌಸ್ ಸುಳ್ಳು ಹೇಳಿದನೆಂದು ನನಗನ್ನಿಸುವುದಿಲ್ಲ. ಆದರೆ ಹತ್ತು ವರ್ಷ ಬಾಯಿ ಬಿಡದವನು ಅಚ್ಚು ಹಾಕಿಸಿದವನೆದುರು ಹಕ್ಕು ಸಾಧಿಸುವುದು ಸೌಜನ್ಯವೂ ಅಲ್ಲ. ಅದೇ 1805ರ ಸುಮಾರಿಗೆ, ಪಲಾಸ್ ಎಂಬ ಕ್ಷುದ್ರಗ್ರಹದ ಲೆಕ್ಕಕ್ಕೆ, ದೀರ್ಘ ತ್ರಿಕೋನಮಿತೀಯ ಸಂಕಲನವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ಶ್ರಮ ಉಳಿಸುವ ಉಪಾಯವನ್ನು ಅವನು ಬರೆದಿಟ್ಟ. ಅದು ಅಚ್ಚಾದದ್ದು ಮರಣಾನಂತರ, 1866ರಲ್ಲಿ. ಕೂಲಿ ಮತ್ತು ಟ್ಯೂಕಿ 1965ರಲ್ಲಿ ಕಂಪ್ಯೂಟರಿಗಾಗಿ ರೂಪಿಸಿದ ಫಾಸ್ಟ್ ಫೂರಿಯೆ ಟ್ರಾನ್ಸ್‌ಫಾರ್ಮ್‌ನ ತಿರುಳು ಅದರಲ್ಲಿತ್ತು ಎಂಬುದು ಬಹಳ ತಡವಾಗಿ ಬೆಳಕಿಗೆ ಬಂತು.

ಆಶ್ರಯದಾತ ಡ್ಯೂಕ್ 1806ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಗಾಯಗೊಂಡು ಸತ್ತ. 1807ರಲ್ಲಿ ಗೌಸ್ ಗಾಟಿಂಗೆನ್ ವೀಕ್ಷಣಾಲಯದ ನಿರ್ದೇಶಕನಾದ. 1809ರ ಅಕ್ಟೋಬರ್‌ನಲ್ಲಿ ಹೆಂಡತಿ ಯೋಹಾನಾ ಬಾಣಂತಿತನದಲ್ಲೇ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಮರುವರ್ಷ ಅವಳ ಗೆಳತಿ ಮಿನ್ನಾಳನ್ನು ಮದುವೆಯಾದ. ಆ ಮದುವೆಯ ಇಬ್ಬರು ಗಂಡುಮಕ್ಕಳು ಅಮೆರಿಕಕ್ಕೆ ವಲಸೆ ಹೋದರು. ಅವರಲ್ಲಿ ಓಯ್‌ಗೆನ್ ತಂದೆಯೊಡನೆ ಮುನಿಸಿಕೊಂಡೇ ಹೋದವನು.

1820ರಲ್ಲಿ ಹ್ಯಾನೋವರ್ ರಾಜ್ಯದ ಮೋಜಣಿಯ ಹೊಣೆ ಬಂತು. ಇಂಥ ಮೇಧಾವಿಯ ಕಾಲ ಹೀಗೆ ಹಾಳಾಯಿತಲ್ಲ ಎಂದು ಹಲವು ಜೀವನಚರಿತ್ರೆಕಾರರು ಮರುಗಿದ್ದಾರೆ. ನಾನು ಒಪ್ಪುವುದಿಲ್ಲ. 1821ರಿಂದ 1825ರವರೆಗಿನ ಬೇಸಿಗೆಗಳಲ್ಲಿ ಗೌಸ್ ಸ್ವತಃ ಗುಡ್ಡಗಳನ್ನು ಹತ್ತಿ ಕೋನ ಅಳೆದ. ಲ್ಯೂನೆಬುರ್ಗ್‌ನಿಂದ ನೋಡುವಾಗ ದೂರದ ಹ್ಯಾಂಬರ್ಗ್ ಚರ್ಚಿನ ಕಿಟಕಿ ಗಾಜು ಬಿಸಿಲಿಗೆ ಹೊಳೆದದ್ದನ್ನು ಕಂಡು, ಕನ್ನಡಿಯಿಂದ ಬಿಸಿಲನ್ನು ಬೇಕಾದ ಕಡೆಗೆ ಚಿಮ್ಮಿಸುವ ಹೀಲಿಯೋಟ್ರೋಪ್ ಉಪಕರಣವನ್ನು ರೂಪಿಸಿದ. ಅದು ಭಾರತಕ್ಕೂ ಬಂತು: 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ಲ್ಯಾಂಬ್ಟನ್ ಕಟ್ಟಿದ ಮಹಾ ತ್ರಿಕೋನಮಿತೀಯ ಸರ್ವೆಯಲ್ಲಿ, ಅವನ ಉತ್ತರಾಧಿಕಾರಿ ಎವರೆಸ್ಟ್ 1830ರ ದಶಕದಲ್ಲಿ ಹೀಲಿಯೋಟ್ರೋಪ್ ಬಳಸಿದ.

ಗುಂಡಗಿನ ಭೂಮಿಯ ಮೇಲೆ ತ್ರಿಕೋನ ಹರಡುತ್ತ ಹೋದವನಿಗೆ ಎದುರಾದ ಪ್ರಶ್ನೆಗಳೇ 1827ರ ವಕ್ರ ಮೇಲ್ಮೈಗಳ ಪ್ರಬಂಧಕ್ಕೆ ಒಯ್ದವು. ಅದರ ಮುಖ್ಯ ಪ್ರಮೇಯ ಹೇಳುವುದು: ಮೇಲ್ಮೈಯಿಂದ ಹೊರಬಂದು ನೋಡದೆ, ಅದರ ಮೇಲೆಯೇ ಅಳತೆ ಮಾಡಿ ಅದರ ವಕ್ರತೆಯನ್ನು ತಿಳಿಯಬಹುದು. ಕಾಗದವನ್ನು ಸುರುಳಿ ಸುತ್ತಿದರೂ ಈ ವಕ್ರತೆ ಬದಲಾಗದು. ಗೋಳವನ್ನು ಹಿಗ್ಗಿಸದೆ ಕುಗ್ಗಿಸದೆ ಚಪ್ಪಟೆ ನಕಾಶೆಯಾಗಿಸಲೂ ಆಗದು. ಇದೇ ಪ್ರಬಂಧದಲ್ಲಿ ಹೋಹೆನ್‌ಹಾಗೆನ್, ಬ್ರೋಕನ್, ಇನ್ಸೆಲ್ಸ್‌ಬರ್ಗ್ ಶಿಖರಗಳ ತ್ರಿಕೋನ ಬರುತ್ತದೆ; ಅದರ ಉದ್ದದ ಬಾಹು 107 ಕಿ.ಮೀ. ಆಕಾಶಾವಕಾಶವೇ ಬಾಗಿದೆಯೇ ಎಂದು ಪರೀಕ್ಷಿಸಲು ಗೌಸ್ ಇದನ್ನು ಅಳೆದ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಮೂಲದಲ್ಲಿ ಕಾಣುವ ಉದ್ದೇಶ ಅದಲ್ಲ. ಭೂಮಿ ಪೂರ್ಣ ಗೋಳವಲ್ಲದ ಕಾರಣ ಮೂರು ಕೋನಗಳ ತಿದ್ದುಪಡಿಯಲ್ಲಿ ಬರುವ ವ್ಯತ್ಯಾಸ, ಅಷ್ಟು ದೊಡ್ಡ ತ್ರಿಕೋನದಲ್ಲೂ ನಗಣ್ಯ ಎಂದು ತೋರಿಸಲು ಅವನು ಅದನ್ನು ಉದಾಹರಿಸಿದ್ದಾನೆ.

ಯೂಕ್ಲಿಡ್‌ನದಲ್ಲದ ಜ್ಯಾಮಿತಿ ಸಾಧ್ಯವೆಂದು ಅವನು ನಂಬಿದ್ದ ಎಂಬುದಕ್ಕೆ ಪತ್ರಗಳ ಆಧಾರವಿದೆ. ಮಂದಮತಿಗಳ ಗದ್ದಲಕ್ಕೆ ಅಂಜುತ್ತೇನೆಂದು 1829ರಲ್ಲಿ ಖಗೋಳಜ್ಞ ಬೆಸೆಲ್‌ಗೆ ಬರೆದ. 1832ರಲ್ಲಿ ಹಳೆಯ ಗೆಳೆಯ ಬೊಲ್ಯೈಯ ಮಗ ಯಾನೊಶ್ ಅದೇ ಜ್ಯಾಮಿತಿಯನ್ನು ಕಟ್ಟಿ ಕಳಿಸಿದಾಗ, ಇದನ್ನು ಹೊಗಳಿದರೆ ನನ್ನನ್ನೇ ಹೊಗಳಿಕೊಂಡಂತೆ ಎಂದು ಉತ್ತರಿಸಿದ. ಆ ಯುವಕ ಚೇತರಿಸಿಕೊಳ್ಳಲೇ ಇಲ್ಲ. ಅದೇ ಜ್ಯಾಮಿತಿಯನ್ನು ಸ್ವತಂತ್ರವಾಗಿ ಕಟ್ಟಿದ್ದ ಲೊಬಚೆವ್ಸ್ಕಿಯೊಡನೆ ಇದಕ್ಕಿಂತ ಚೆನ್ನಾಗಿ ನಡೆದುಕೊಂಡ. 1842ರಲ್ಲಿ ಗಾಟಿಂಗೆನ್ ವಿಜ್ಞಾನ ಸಂಘದ ಸದಸ್ಯತ್ವ ಕೊಡಿಸಿದ. ಆದರೆ ಬಹಿರಂಗವಾಗಿ ಒಂದು ಸಾಲೂ ಬರೆಯಲಿಲ್ಲ. ಇದೇ ಎಚ್ಚರಿಕೆ ರಾಜಕೀಯದಲ್ಲೂ ಕಾಣುತ್ತದೆ. 1833ರಲ್ಲಿ ಗೌಸ್‌ನ ಜೊತೆಗೂಡಿ ಒಂದು ಕಿಲೋಮೀಟರಿಗೂ ಉದ್ದದ ತಂತಿ ಎಳೆದು ಟೆಲಿಗ್ರಾಫ್ ನಡೆಸಿದ ವಿಲ್ಹೆಲ್ಮ್ ವೆಬರ್, ಅಳಿಯ ಎವಾಲ್ಡ್ ಸೇರಿ ಏಳು ಪ್ರಾಧ್ಯಾಪಕರನ್ನು ಹ್ಯಾನೋವರ್ ದೊರೆ 1837ರಲ್ಲಿ ಸಂವಿಧಾನದ ಪರ ನಿಂತರೆಂದು ಕೆಲಸದಿಂದ ತೆಗೆದ. ಗೌಸ್ ಬಹಿರಂಗವಾಗಿ ಪ್ರತಿಭಟಿಸಲಿಲ್ಲ.

1854ರಲ್ಲಿ ಯುವ ಗಣಿತಜ್ಞ ಬರ್ನ್‌ಹಾರ್ಡ್ ರೀಮನ್ ಗಾಟಿಂಗೆನ್‌ನಲ್ಲಿ ಅಧ್ಯಾಪನದ ಅರ್ಹತೆಗಾಗಿ ಮೂರು ವಿಷಯ ಸೂಚಿಸಿದ. ಮೊದಲೆರಡಕ್ಕೆ ತಯಾರಿ ಆಗಿತ್ತು. ರೂಢಿಗೆ ವಿರುದ್ಧವಾಗಿ ಗೌಸ್ ಮೂರನೆಯದನ್ನು ಆರಿಸಿದ: ಜ್ಯಾಮಿತಿಯ ಬುಡದಲ್ಲಿರುವ ಊಹೆಗಳು. ಜೂನ್ 10ರಂದು ನಡೆದ ಉಪನ್ಯಾಸದಲ್ಲಿ ರೀಮನ್ ಮೇಲ್ಮೈಯ ವಕ್ರತೆಯನ್ನು ಎಷ್ಟು ಆಯಾಮಗಳಿಗಾದರೂ ವಿಸ್ತರಿಸಿದ. ಐನ್‌ಸ್ಟೈನ್ 1915ರ ಗುರುತ್ವ ಸಿದ್ಧಾಂತಕ್ಕೆ ಬಳಸಿದ ಗಣಿತ ಅಲ್ಲಿಂದ ಬೆಳೆದದ್ದು. ಮನೆಗೆ ಮರಳುವಾಗ ಗೌಸ್ ತನ್ನೊಡನೆ ಅವನಿಗೆ ಅಪರೂಪವಾದ ಉತ್ಸಾಹದಿಂದ ಮಾತಾಡಿದನೆಂದು ವೆಬರ್ ಹೇಳಿದ್ದನ್ನು ಡೆಡೆಕಿಂಡ್ ದಾಖಲಿಸಿದ್ದಾನೆ. ಉಪನ್ಯಾಸ ಅಚ್ಚಾದದ್ದು 1868ರಲ್ಲಿ, ಗೌಸ್ ಸತ್ತು ಹದಿಮೂರು ವರ್ಷಗಳ ಮೇಲೆ, ರೀಮನ್ ಸತ್ತು ಎರಡು ವರ್ಷಗಳ ಮೇಲೆ.